ದೂರ್ವೆಯು ನೆಲದಲ್ಲಿ ಹಬ್ಬುವ ಬಗೆ

ಭಾದ್ರಪದ ಮಾಸವು ಸಮೀಪಿಸಿತೆಂದರೆ ಮಾದಾಪುರದಂತಹ ಬಡಾವಣೆಗಳಲ್ಲಿ ವಾಸಿಸುವ ಆಸ್ತಿಕರಿಗೆ ಒಂದು ಸಣ್ಣ ಚಿಂತೆ ತಪ್ಪದೆ ಬರುತ್ತದೆ. ಚೌತಿಯ ದಿನ ವಿಘ್ನೇಶ್ವರನಿಗೆ, ಅವನ ಅಂತರ್ಯಾಮಿಯಾದ ವಿಶ್ವಂಭರಮೂರ್ತಿಗೆ ಅರ್ಪಿಸಲು ಇಪ್ಪತ್ತೊಂದು ಗರಿಕೆಯನ್ನು ಎಲ್ಲಿಂದ ತರಬೇಕು? ಊರಿನಲ್ಲಿದ್ದಾಗ ಇದು ಪ್ರಶ್ನೆಯೇ ಆಗಿರಲಿಲ್ಲ. ಹಿತ್ತಲ ಬಾಗಿಲು ತೆರೆದು ಬಾವಿಕಟ್ಟೆಯ ಬಳಿ ಬಗ್ಗಿದರೆ ಸಾಕಾಗಿತ್ತು. ಇಲ್ಲಿ ಬಂಡೆಯನ್ನು ಒಡೆದು ಕಟ್ಟಿದ ಸೌಧಗಳ ನಡುವೆ ಕಾಲಿಟ್ಟಲ್ಲೆಲ್ಲ ಸಿಮೆಂಟು. ಅಂಗಡಿಯಲ್ಲಿ ಕಟ್ಟು ಕಟ್ಟಿ ಮಾರುವ ಹುಲ್ಲಿನಲ್ಲಿ ಎಷ್ಟು ಭಾಗ ದೂರ್ವೆ, ಎಷ್ಟು ಭಾಗ ಬೇರೆ ಹುಲ್ಲು ಎಂಬುದು ಕಟ್ಟಿದವನಿಗೂ ತಿಳಿದಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಚೌತಿಯ ಹಿಂದಿನ ಸಂಜೆ ನಾನು ಇಲ್ಲಿಯ ಒಂದು ವಸತಿ ಸಮುಚ್ಚಯದ ಹುಲ್ಲುಹಾಸಿನ ಅಂಚಿನಲ್ಲಿ ಕುಳಿತು ಗರಿಕೆಯನ್ನು ಆಯುತ್ತಿದ್ದೆನು. ಕಲ್ಲುಹಾಸಿನ ಸಂದಿಯಲ್ಲಿ ಬಹಳ ಪುಷ್ಟವಾದ ದೂರ್ವೆ ಬೆಳೆದಿತ್ತು, ಹಚ್ಚ ಹಸಿರಾಗಿತ್ತು. ಅಷ್ಟರಲ್ಲಿ ತೋಟದ ಮಾಲಿ ಓಡಿ ಬಂದು, "ಅದಿ ವದ್ದು ಸಾರ್, ನಿನ್ನ ಮಂದು ಕೊಟ್ಟಾಂ" ಎಂದನು. ಹಿಂದಿನ ದಿನವೇ ಕಳೆನಾಶಕವನ್ನು ಸಿಂಪಡಿಸಿದ್ದರಂತೆ. ವಿಷ ತಗಲಿದ ಹುಲ್ಲು ಹೀಗೆ ನಳನಳಿಸುವುದುಂಟೆ ಎಂದು ನನಗೆ ಅನುಮಾನ. ಆದರೂ ಆಯ್ದದ್ದನ್ನೆಲ್ಲ ಅಲ್ಲಿಯೇ ಬಿಟ್ಟು ಕೈತೊಳೆದುಕೊಂಡು ಬಂದೆನು. ಹತ್ತು ಹನ್ನೆರಡು ದಿನಗಳ ತರುವಾಯ ಅದೇ ದಾರಿಯಲ್ಲಿ ಹೋದಾಗ ನೋಡಿದರೆ ಆ ಸಂದಿಯ ಹುಲ್ಲೆಲ್ಲ ಹಳದಿಯಾಗಿ ಒಣಗಿತ್ತು.

ವಿಷವನ್ನು ಕುಡಿದ ಹುಲ್ಲು ಅಷ್ಟು ದಿನ ಹಸಿರಾಗಿ ಏಕೆ ಕಾಣುತ್ತದೆ, ಒಳಗೆ ಏನು ನಡೆಯುತ್ತಿರುತ್ತದೆ ಎಂಬುದನ್ನು ತಿಳಿಯಬೇಕಾದರೆ ಹುಲ್ಲು ಎಲ್ಲಿ ಬದುಕಿದೆ ಎಂಬುದನ್ನು ಮೊದಲು ತಿಳಿಯಬೇಕು. ನಾವು ಕಾಣುವ ಹಸಿರು ಅದರ ಒಂದು ಭಾಗ ಮಾತ್ರ. ಅದರ ಪ್ರಾಣವು ಇರುವುದು ನೆಲದೊಳಗೆ ಮತ್ತು ನೆಲದ ಮಟ್ಟದಲ್ಲಿರುವ ಗೆಣ್ಣುಗಳಲ್ಲಿ. ಇದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಕಂಡಿದ್ದರು ಎಂಬುದಕ್ಕೆ ದೂರ್ವೆಯ ಹೆಸರುಗಳೇ ಸಾಕ್ಷಿ.

ಅಮರಕೋಶದ ವನೌಷಧಿವರ್ಗದಲ್ಲಿ ದೂರ್ವೆಗೆ ಶತಪರ್ವಿಕಾ, ಸಹಸ್ರವೀರ್ಯಾ, ಭಾರ್ಗವೀ, ರುಹಾ, ಅನಂತಾ ಎಂಬ ಪರ್ಯಾಯ ನಾಮಗಳನ್ನು ಹೇಳಿದೆ. ಬಿಳಿಯ ದೂರ್ವೆಗೆ ಗೋಲೋಮೀ, ಶತವೀರ್ಯಾ ಮೊದಲಾದ ಬೇರೆ ಹೆಸರುಗಳಿವೆ. ಇವುಗಳಲ್ಲಿ ಹೂವನ್ನಾಗಲಿ ಬೀಜವನ್ನಾಗಲಿ ಕುರಿತ ಹೆಸರು ಒಂದೂ ಇಲ್ಲವೆಂಬುದು ಗಮನಾರ್ಹ. ಪರ್ವವೆಂದರೆ ಗೆಣ್ಣು, ನೂರು ಗೆಣ್ಣುಗಳುಳ್ಳದ್ದು ಶತಪರ್ವಿಕಾ. 'ರುಹ' ಧಾತುವಿಗೆ ಮೊಳೆತು ಮೇಲೇಳುವುದೆಂದು ಅರ್ಥ. ಬೆಳೆಯುವುದೇ ಸ್ವಭಾವವಾದ್ದರಿಂದ ರುಹಾ. ಕೊನೆಯೆಂಬುದು ಕಾಣದ್ದರಿಂದ ಅನಂತಾ. ಹೀಗೆ ಹೆಸರಿಟ್ಟವರು ಹುಲ್ಲನ್ನು ಕಿತ್ತು ಬೇರುಸಹಿತ ಕೈಯಲ್ಲಿ ಹಿಡಿದು ನೋಡಿದವರೆಂಬುದರಲ್ಲಿ ಸಂದೇಹವಿಲ್ಲ.

ಮೃತ್ತಿಕಾಸ್ನಾನದ ಸಂದರ್ಭದಲ್ಲಿ ಹೇಳುವ ದೂರ್ವಾಮಂತ್ರವನ್ನು ವಾಚಕರಲ್ಲಿ ಅನೇಕರು ಬಲ್ಲರು. ಅದು ವಾಜಸನೇಯಿ ಸಂಹಿತೆಯ 13ನೆಯ ಅಧ್ಯಾಯದಲ್ಲಿಯೂ, ತೈತ್ತಿರೀಯ ಸಂಹಿತೆಯಲ್ಲಿಯೂ, ಮಹಾನಾರಾಯಣೋಪನಿಷತ್ತಿನಲ್ಲಿಯೂ ಬಂದಿದೆ. ಅಲ್ಲಿ ಕಾಂಡ ಮತ್ತು ಪರುಸ್ ಎಂಬ ಎರಡು ಶಬ್ದಗಳನ್ನು ಪಂಚಮೀ ವಿಭಕ್ತಿಯಲ್ಲಿಟ್ಟು ಎರಡೆರಡು ಸಲ ಹೇಳಲಾಗಿದೆ. ಪರುಸ್ ಎಂದರೂ ಗೆಣ್ಣೇ. ಹೀಗೆ ಪದವನ್ನು ಇಮ್ಮಡಿಸುವುದಕ್ಕೆ ವೈಯಾಕರಣರು ವೀಪ್ಸೆಯೆಂದು ಹೇಳುತ್ತಾರೆ. 'ಒಂದೊಂದರಿಂದಲೂ, ಯಾವುದನ್ನೂ ಬಿಡದೆ' ಎಂದು ಅದರ ತಾತ್ಪರ್ಯ. ಗಿಡದ ಬುಡದಿಂದ ಮಾತ್ರ ಅಲ್ಲ, ತುದಿಯಿಂದ ಮಾತ್ರವೂ ಅಲ್ಲ, ಪ್ರತಿಯೊಂದು ಗೆಣ್ಣಿನಿಂದಲೂ ಹೊಸದಾಗಿ ಹುಟ್ಟುತ್ತದೆ ಎಂದಾಯಿತು. ಮುಂದಿನ ಮಂತ್ರದಲ್ಲಿ ಎರಡು ಕ್ರಿಯಾಪದಗಳಿವೆ. ಒಂದು 'ತನು' ಧಾತುವಿನದು, ಹರಡುವುದೆಂದು ಅರ್ಥ. ಅದಕ್ಕೆ ನೂರು ಎಂಬ ಸಂಖ್ಯೆ. ಇನ್ನೊಂದು 'ರುಹ' ಧಾತುವಿನದು, ಮೇಲಕ್ಕೆ ಚಿಗುರುವುದೆಂದು ಅರ್ಥ, ಅದಕ್ಕೆ ಸಾವಿರ. ಅಡ್ಡಲಾಗಿ ಹರಿಯುವ ಹಂಬುಗಳು ನೂರಾದರೆ ಅವುಗಳಿಂದ ಮೇಲೇಳುವ ಕುಡಿಗಳು ಸಾವಿರವೆಂದು ನಾನು ಇದನ್ನು ಓದಿಕೊಂಡಿದ್ದೇನೆ. ಸಾಂಪ್ರದಾಯಿಕ ಭಾಷ್ಯಗಳಲ್ಲಿ ಈ ಸಂಖ್ಯೆಗಳಿಗೆ ಬೇರೆ ವಿವರಣೆ ದೊರೆತರೆ ಅದನ್ನೇ ಸ್ವೀಕರಿಸತಕ್ಕದ್ದು. ಆದರೆ ತೊಟ್ಟಿಯಲ್ಲಿ ಬೆಳೆದ ದೂರ್ವೆಯನ್ನು ಎಣಿಸಿ ನೋಡಿದರೆ ನನ್ನ ಓದು ತಪ್ಪೆನಿಸುವುದಿಲ್ಲ.

ಈಗ ಗೆಣ್ಣನ್ನೇ ನೋಡೋಣ. ಕಬ್ಬು, ಬಿದಿರು, ಜೋಳ, ರಾಗಿ ಇವೆಲ್ಲವೂ ಹುಲ್ಲಿನ ಕುಲಕ್ಕೆ ಸೇರಿದವು. ಕಬ್ಬಿನ ಗೆಣ್ಣಿನಲ್ಲಿ ಒಂದು ಕಣ್ಣು, ಅದರ ಸುತ್ತ ಸಣ್ಣ ಸಣ್ಣ ಚುಕ್ಕೆಗಳ ಒಂದು ಪಟ್ಟಿ ಇರುವುದನ್ನು ಎಲ್ಲರೂ ಕಂಡಿದ್ದೇವೆ. ಕಣ್ಣಿನಿಂದ ಮೊಳಕೆ, ಚುಕ್ಕೆಗಳಿಂದ ಬೇರು. ಕಬ್ಬನ್ನು ನಾಟಿ ಮಾಡುವವರು ಬೀಜವನ್ನು ಬಿತ್ತದೆ ತುಂಡನ್ನು ಹೂಳುವುದು ಈ ಕಾರಣದಿಂದಲೇ. ಗರಿಕೆಯ ಗೆಣ್ಣಿನಲ್ಲಿಯೂ ಇದೇ ವ್ಯವಸ್ಥೆ, ಅಳತೆ ಮಾತ್ರ ಚಿಕ್ಕದು. ಒಂದು ಗೆಣ್ಣು ತೇವದ ಮಣ್ಣಿಗೆ ತಗುಲಿತೆಂದರೆ ಕೆಳಗೆ ಬೇರು, ಮೇಲೆ ಕುಡಿ. ಆ ಕ್ಷಣದಿಂದ ಅದು ಸ್ವತಂತ್ರ ಸಸ್ಯ. ತಾಯಿಗಿಡದಿಂದ ಕತ್ತರಿಸಿದರೂ ಬದುಕುತ್ತದೆ.

ಗರಿಕೆಗೆ ಹರಡಲು ಎರಡು ದಾರಿಗಳಿವೆ. ನೆಲದ ಮೇಲೆ ಹರಿಯುವ ಹಂಬು ಒಂದು. ಆಷಾಢದ ಮಳೆಯಲ್ಲಿ ನನ್ನ ತೊಟ್ಟಿಯ ಒಂದು ಹಂಬನ್ನು ದಾರ ಹಿಡಿದು ಅಳೆದೆನು. ಹತ್ತು ದಿನಗಳಲ್ಲಿ ಸುಮಾರು ಒಂದು ಗೇಣು ಮುಂದೆ ಹೋಗಿತ್ತು. ಎರಡನೆಯದು ನೆಲದೊಳಗೆ ಅಡ್ಡಲಾಗಿ ಸಾಗುವ ಬಿಳಿಯ ಬಳ್ಳಿ. ಇದನ್ನು ಜನರು ಬೇರೆಂದು ಕರೆಯುತ್ತಾರೆ, ಆದರೆ ಇದು ಬೇರಲ್ಲ. ಬೇರಿಗೆ ಗೆಣ್ಣಿರುವುದಿಲ್ಲ. ಇದಕ್ಕೆ ಗೆಣ್ಣುಗಳಿವೆ, ಪ್ರತಿ ಗೆಣ್ಣಿನಲ್ಲಿ ಎಲೆಯ ಗುರುತಾಗಿ ಒಂದು ತೆಳುವಾದ ಪೊರೆ ಇದೆ, ತುದಿಯಲ್ಲಿ ಸೂಜಿಯಂತಹ ಮೊನೆ ಇದೆ. ಸಸ್ಯಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಇದನ್ನು ಗುಪ್ತಕಾಂಡವೆನ್ನುತ್ತಾರೆ. ಶುಂಠಿ, ಅರಿಶಿನಗಳದ್ದೂ ಇದೇ ಜಾತಿಯ ಕಾಂಡ. ಇವುಗಳ ಬಹುಭಾಗ ಮೇಲಿನ ಒಂದು ಗೇಣು ಮಣ್ಣಿನಲ್ಲಿಯೇ ಇರುತ್ತದೆ, ಸಡಿಲವಾದ ನೆಲದಲ್ಲಿ ಇನ್ನೂ ಆಳಕ್ಕೆ ಹೋಗುವುದುಂಟು. ನಿಜವಾದ ಬೇರುಗಳಾದರೋ ಮಣ್ಣು ಅನುಕೂಲವಾಗಿದ್ದರೆ ಒಂದು ಮೀಟರಿಗೂ ಕೆಳಗೆ ಇಳಿಯುತ್ತವೆ.

ಐತರೇಯ ಬ್ರಾಹ್ಮಣದ ಎಂಟನೆಯ ಪಂಚಿಕೆಯಲ್ಲಿ, ರಾಜನ ಪುನರಭಿಷೇಕದ ಪ್ರಕರಣದಲ್ಲಿ, ದೂರ್ವೆಯನ್ನು ಓಷಧಿಗಳಲ್ಲಿ ಕ್ಷತ್ರವೆಂದು ಹೇಳಿದೆ. ರಾಜನು ರಾಷ್ಟ್ರದಲ್ಲಿ ಹರಡಿ ನೆಲೆನಿಂತಿರುವಂತೆ ದೂರ್ವೆಯು ತನ್ನ 'ಅವರೋಧ'ಗಳಿಂದ ಭೂಮಿಯಲ್ಲಿ ಹರಡಿ ನೆಲೆನಿಂತಿದೆ ಎಂದು ಹೋಲಿಕೆ. ಅವರೋಧವೆಂದರೆ ಕೆಳಮುಖವಾಗಿ ಬೆಳೆದದ್ದು. ಆಲದ ಬಿಳಲು ಕೊಂಬೆಯಿಂದ ಇಳಿದು ನೆಲವನ್ನು ಹಿಡಿಯುವಂತೆ ಹಂಬಿನ ಗೆಣ್ಣು ಗೆಣ್ಣಿನಿಂದಲೂ ಇಳಿದ ಬೇರುಗಳೆಂದು ಇದನ್ನು ಗ್ರಹಿಸಬಹುದು. ಒಂದೇ ಬುಡದ ಮೇಲೆ ನಿಂತ ಮರವನ್ನು ರಾಜನಿಗೆ ಹೋಲಿಸದೆ, ನೂರು ಕಡೆ ಬೇರೂರಿದ ಹುಲ್ಲನ್ನು ಹೋಲಿಸಿದ್ದು ಎಷ್ಟು ಉಚಿತವೆಂಬುದನ್ನು ವಾಚಕರೇ ಆಲೋಚಿಸಬಹುದು.

ಎಲೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಮಾವಿನ ಚಿಗುರನ್ನು ಚಿವುಟಿದರೆ ಆ ಚಿಗುರು ಮುಂದೆ ಬೆಳೆಯುವುದಿಲ್ಲ. ಹುಲ್ಲಿನ ಎಲೆಯ ತುದಿಯನ್ನು ಹಸು ಮೇಯ್ದರೆ ಅದೇ ಎಲೆ ಮತ್ತೆ ಉದ್ದವಾಗುತ್ತದೆ. ಹುಲ್ಲಿನ ಎಲೆ ಬೆಳೆಯುವುದು ಬುಡದಿಂದ. ತುದಿಯು ಅದರ ಹಳೆಯ ಭಾಗ, ಬುಡವೇ ಎಳೆಯದು. ಬೆಳೆಯುವ ಸ್ಥಾನವು ಹಸುವಿನ ಬಾಯಿಗೂ ಕುಡುಗೋಲಿಗೂ ಎಟುಕದಷ್ಟು ಕೆಳಗಿದೆ. ಇನ್ನು ಪೂಜೆಗೆ ಮೂರು ಎಸಳಿನ ಗರಿಕೆಯನ್ನೇ ಆಯಬೇಕೆಂದು ಹಿರಿಯರು ಹೇಳುವರಷ್ಟೆ. ಸಾಮಾನ್ಯವಾಗಿ ಹುಲ್ಲಿನಲ್ಲಿ ಗೆಣ್ಣಿಗೊಂದು ಎಲೆ. ಗರಿಕೆಯಲ್ಲಾದರೋ ಎರಡು ಮೂರು ಗೆಣ್ಣುಗಳು ಒಂದಕ್ಕೊಂದು ಒತ್ತಾಗಿ ಬಂದು, ತರುವಾಯ ಒಂದು ಉದ್ದನೆಯ ಅಂತರ ಬಿಟ್ಟು, ಮತ್ತೆ ಒತ್ತಾಗಿ ಬರುತ್ತವೆ. ಆದುದರಿಂದ ಒಂದೇ ಸ್ಥಳದಿಂದ ಎರಡು ಮೂರು ಎಲೆಗಳು ಹೊರಟಂತೆ ಕಾಣುತ್ತದೆ. ಆಯುವಾಗ ಬೆರಳಿಗೆ ಸಿಗುವ ತ್ರಿದಳವು ಹೀಗೆ ಉಂಟಾದದ್ದು. ಗುರುತು ಹಿಡಿಯುವುದಕ್ಕೂ ಇದು ಒಳ್ಳೆಯ ಲಕ್ಷಣ.

ನಾನು ಈ ಪಾಠವನ್ನು ಕಲಿತದ್ದು ಗ್ರಂಥದಿಂದಲ್ಲ, ರೈಲ್ವೆಯ ಹಳಿಯ ಮೇಲೆ. ಸೇವೆಗೆ ಸೇರಿದ ಹೊಸದರಲ್ಲಿ ಉತ್ತರ ಕರ್ನಾಟಕದ ಎರೆ ಭೂಮಿಯ ಒಂದು ಮಾರ್ಗದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ಹಳಿಯ ಕೆಳಗಿನ ಜಲ್ಲಿಯಲ್ಲಿ ಗರಿಕೆ ತುಂಬಿತ್ತು. ಆ ಭಾಗದಲ್ಲಿ ಅದನ್ನು ಕರಿಕೆಯೆನ್ನುತ್ತಾರೆ. ಮಳೆಗಾಲದಲ್ಲಿಯೇ ಅದನ್ನು ತೆಗೆಸಬೇಕೆಂದು ನಾನು ಉತ್ಸಾಹದಿಂದ ಆಜ್ಞೆ ಮಾಡಿದೆನು. ಗ್ಯಾಂಗಿನವರು ಗುದ್ದಲಿಯಿಂದ ಕಡಿದು ಪಕ್ಕದ ಮಣ್ಣಿನ ಮೇಲೆ ಹಾಕುತ್ತ ಹೋದರು. ವಯಸ್ಸಾದ ಗ್ಯಾಂಗ್ ಮೇಸ್ತ್ರಿಯೊಬ್ಬರು ಸ್ವಲ್ಪ ಹೊತ್ತು ನೋಡಿ, "ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ, ಇದು ಕರಿಕಿ ತಗದಂಗ ಆಗಲಿಲ್ಲರಿ, ನಟ್ಟಂಗ ಆತು" ಎಂದರು. ನಾನು ಕಿವಿಗೊಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ನೋಡಿದರೆ ಜಲ್ಲಿಯಲ್ಲಿ ಉಳಿದ ತುಂಡುಗಳೂ ಚಿಗುರಿದ್ದವು, ಪಕ್ಕಕ್ಕೆ ಎಸೆದ ತುಂಡುಗಳೂ ಬೇರೂರಿದ್ದವು. ಮೊದಲಿಗಿಂತ ದಟ್ಟವಾಗಿಯೇ ಇತ್ತೆನ್ನಬೇಕು.

ಇದರ ಕಾರಣವನ್ನು ತರುವಾಯ ತಿಳಿದೆನು. ಗುಪ್ತಕಾಂಡವು ಅಖಂಡವಾಗಿರುವವರೆಗೆ ಅದರ ತುದಿಯು ಹಿಂದಿನ ಗೆಣ್ಣುಗಳ ಕಣ್ಣುಗಳನ್ನು ತಡೆದಿಡುತ್ತದೆ. ತುದಿ ಬೆಳೆಯುತ್ತಿರುವಾಗ ಉಳಿದವು ಬಹುಮಟ್ಟಿಗೆ ನಿದ್ರಿಸುತ್ತವೆ. ಗುದ್ದಲಿಯು ಅದನ್ನು ಹತ್ತು ತುಂಡು ಮಾಡಿದರೆ ಆ ತಡೆ ಇಲ್ಲವಾಗುತ್ತದೆ. ಪ್ರತಿ ತುಂಡಿನಲ್ಲಿಯೂ ಕೂಡಿಟ್ಟ ಪಿಷ್ಟವಿದೆ, ಮಣ್ಣಿನಲ್ಲಿ ತೇವವಿದೆ. ಪ್ರತಿ ತುಂಡೂ ಎಚ್ಚರಗೊಳ್ಳುತ್ತದೆ. ಮೇಸ್ತ್ರಿಗಳು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಮುಂದೆ ಆ ಕೆಲಸವನ್ನು ಅವರ ಮಾತಿನಂತೆ ವೈಶಾಖದ ಬಿಸಿಲಿನಲ್ಲಿ ಮಾಡಿಸಿದೆವು. ಕಿತ್ತ ಕರಿಕೆಯನ್ನು ಹರಡಿ, ಗರಿಗರಿಯಾಗಿ ಒಣಗುವವರೆಗೆ ಬಿಟ್ಟು, ಆಮೇಲೆ ಒಟ್ಟುಗೂಡಿಸಿ ಸುಟ್ಟೆವು.

ಜಲ್ಲಿಯಲ್ಲಿ ಹುಲ್ಲು ಬೆಳೆದರೆ ಏನು ನಷ್ಟವೆಂದು ಕೆಲವರು ಕೇಳುವುದುಂಟು. ನಮ್ಮ ರೈಲ್ವೆಯಲ್ಲಿ ಬಳಸುವ ಜಲ್ಲಿಯ ಗಾತ್ರ 65 ಮಿಲಿಮೀಟರಿನಿಂದ 20 ಮಿಲಿಮೀಟರಿನವರೆಗೆ. ಸ್ಲೀಪರಿನ ಕೆಳಗೆ ಇದರ ದಪ್ಪ ಸಾಮಾನ್ಯವಾಗಿ 250ರಿಂದ 350 ಮಿಲಿಮೀಟರ್. ಕಲ್ಲುಗಳ ನಡುವೆ ಖಾಲಿ ಜಾಗವಿದ್ದು ಮಳೆಯ ನೀರು ಕೂಡಲೇ ಕೆಳಗಿಳಿದು ಹರಿದುಹೋಗಬೇಕು, ಅದಕ್ಕಾಗಿಯೇ ಈ ಏರ್ಪಾಡು. ಗಾಳಿಯ ಧೂಳು, ಗಾಡಿಯಿಂದ ಉದುರಿದ ಪುಡಿ, ಕೆಳಗಿನಿಂದ ಮೇಲೇರಿದ ಕೆಸರು ಇವು ಸಂದುಗಳಲ್ಲಿ ಕೂಡುತ್ತವೆ. ಅಲ್ಲಿಗೆ ಹುಲ್ಲು ಬಂದು ಬೇರುಗಳಿಂದ ಆ ಧೂಳನ್ನು ಕಟ್ಟಿಹಾಕುತ್ತದೆ. ನೀರು ನಿಲ್ಲುತ್ತದೆ, ಎರೆ ಮಣ್ಣು ಮೆತ್ತಗಾಗುತ್ತದೆ, ಹಳಿ ಕುಸಿಯುತ್ತದೆ. ಕನಿಷ್ಠ ಹತ್ತು ವರ್ಷಗಳಿಗೊಮ್ಮೆ ಜಲ್ಲಿಯನ್ನೆಲ್ಲ ಹೊರತೆಗೆದು ಜರಡಿ ಹಿಡಿಯಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ.

ಆಶ್ಚರ್ಯವೆಂದರೆ, ಅದೇ ಹಳಿಯಿಂದ ಹತ್ತು ಹೆಜ್ಜೆ ಆಚೆಗೆ, ಏರಿಯ ಇಳಿಜಾರಿನಲ್ಲಿ, ನಾವೇ ಕೂಲಿ ಕೊಟ್ಟು ಗರಿಕೆಯನ್ನು ನೆಡಿಸುತ್ತಿದ್ದೆವು. ಹೊಸದಾಗಿ ಮಣ್ಣು ತುಂಬಿದ ಏರಿಗೆ ಮೊದಲನೆಯ ಮಳೆಗಾಲವೇ ಕಂಟಕ. ಹನಿಯ ಹೊಡೆತಕ್ಕೆ ಮಣ್ಣಿನ ಕಣ ಸಡಿಲವಾಗಿ, ಸಣ್ಣ ಕೊರಕಲು ಬಿದ್ದು, ಅದು ದೊಡ್ಡದಾಗಿ, ಏರಿಯ ಅಂಚೇ ಜಾರುತ್ತದೆ. ಮಳೆಗೆ ಮುಂಚೆ ಗರಿಕೆಯ ತುಂಡುಗಳನ್ನು ಸಾಲಾಗಿ ಊರಿಸಿದರೆ ಒಂದೆರಡು ತಿಂಗಳಲ್ಲಿ ಹಂಬುಗಳು ಹೆಣೆದುಕೊಂಡು ಚಾಪೆಯಾಗುತ್ತವೆ. ಎಲೆಯು ಹನಿಯ ಹೊಡೆತವನ್ನು ತಡೆಯುತ್ತದೆ, ಬೇರು ಮಣ್ಣನ್ನು ಹಿಡಿಯುತ್ತದೆ. ರೈತರು ಹೊಲದೊಳಗಿನ ಕರಿಕೆಯನ್ನು ಶಪಿಸುತ್ತ ಬದುವಿನ ಮೇಲಿನ ಕರಿಕೆಯನ್ನು ಹಾಗೆಯೇ ಬಿಡುವುದೂ ಇದೇ ವಿವೇಕದಿಂದ.

ಬೇಸಗೆಯಲ್ಲಿ ಹಳಿಯ ಪಕ್ಕದ ಒಣಹುಲ್ಲಿಗೆ ಎಷ್ಟೋ ಸಲ ಬೆಂಕಿ ಬೀಳುತ್ತದೆ. ನೆಲ ಕರ್ರಗಾಗಿರುತ್ತದೆ, ಮೊದಲ ಮಳೆ ಬಿದ್ದ ವಾರದೊಳಗೆ ಆ ಕಪ್ಪಿನ ನಡುವೆ ಎಳೆಯ ಹಸಿರು. ಇದನ್ನು ಕಂಡಾಗಲೆಲ್ಲ ಋಗ್ವೇದದ ಹತ್ತನೆಯ ಮಂಡಲದ ಎರಡು ಸೂಕ್ತಗಳು ನನಗೆ ನೆನಪಾಗುತ್ತಿದ್ದವು. 142ನೆಯ ಸೂಕ್ತವು ಕಾಡನ್ನು ಸುಡುವ ಅಗ್ನಿಯನ್ನು ಕುರಿತದ್ದು. ಅದರ ಋಷಿಗಳು ಶಾರ್ಙ್ಗರು. ಖಾಂಡವದಹನದಲ್ಲಿ ಉಳಿದ ಶಾರ್ಙ್ಗಕ ಪಕ್ಷಿಗಳ ಕಥೆಯನ್ನು ಮಹಾಭಾರತದ ಆದಿಪರ್ವದಲ್ಲಿ ಓದಿದ್ದೇವೆ. ಆ ಸೂಕ್ತದ ಕೊನೆಯಲ್ಲಿ, ಅಗ್ನಿಯು ಬಂದು ಹೋದ ದಾರಿಯಲ್ಲಿ ಹೂವುಳ್ಳ ದೂರ್ವೆಗಳು ಬೆಳೆಯಲಿ ಎಂಬ ಪ್ರಾರ್ಥನೆ ಇದೆ. 16ನೆಯ ಸೂಕ್ತವು ಅಂತ್ಯಸಂಸ್ಕಾರಕ್ಕೆ ಸಂಬಂಧಿಸಿದ್ದು. ಅಲ್ಲಿಯೂ ಸುಟ್ಟ ಸ್ಥಳವನ್ನು ತಂಪುಗೊಳಿಸಿ ಅಲ್ಲಿ ಪಾಕದೂರ್ವೆಯು ಬೆಳೆಯಲೆಂದು ಹೇಳಿದೆ. ಮಣ್ಣು ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲ. ಒಣಹುಲ್ಲಿನ ಬೆಂಕಿ ಕೆಲವೇ ನಿಮಿಷಗಳಲ್ಲಿ ಹಾದುಹೋಗುತ್ತದೆ. ನಾಲ್ಕು ಬೆರಳು ಕೆಳಗಿರುವ ಗೆಣ್ಣಿಗೆ ಅದು ತಿಳಿಯುವುದೇ ಇಲ್ಲ. ಸುಟ್ಟ ನೆಲಕ್ಕೆ ಋಷಿಗಳು ಬೇರಾವ ಸಸ್ಯವನ್ನೂ ಬಿಟ್ಟು ದೂರ್ವೆಯನ್ನೇ ಏಕೆ ಬೇಡಿದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಇದನ್ನು ನಿರ್ಮೂಲ ಮಾಡುವ ಬಗೆ ಯಾವುದು? ಚಾಣಕ್ಯನ ಕಾಲಿಗೆ ಕುಶದ ಮೊನೆ ಚುಚ್ಚಿದಾಗ ಅವನು ಅದನ್ನು ಬುಡಸಹಿತ ಅಗೆದು, ಸುಟ್ಟು, ಬೇರಿಗೆ ಸಿಹಿನೀರನ್ನೋ ಮಜ್ಜಿಗೆಯನ್ನೋ ಹೊಯ್ದು ಇರುವೆಗಳಿಗೆ ಒಪ್ಪಿಸಿದನೆಂಬ ಕಥೆಯು ನಾನಾ ಪಾಠಗಳಲ್ಲಿ ಪ್ರಚಲಿತವಾಗಿದೆ. ಕುಶವೂ ಆಳವಾದ ಗುಪ್ತಕಾಂಡವುಳ್ಳ ಹುಲ್ಲೇ. ಮೇಲ್ಭಾಗವನ್ನು ಕೊಯ್ದು ತೃಪ್ತನಾಗದೆ ಕೆಳಗಿನದನ್ನು ಹುಡುಕಿದನೆಂಬಲ್ಲಿಯೇ ಕಥೆಯ ಸ್ವಾರಸ್ಯ. ಇರುವೆಯ ಉಪಾಯ ನಮಗೆ ಬೇಡ. ತರಕಾರಿಯ ಪಾತಿಯಲ್ಲಿ ಗರಿಕೆ ಸೇರಿಕೊಂಡವರು ಬೇಸಗೆಯಲ್ಲಿ ಒಂದು ಗೇಣು ಆಳ ಅಗೆದು, ಮಣ್ಣನ್ನು ಜಾಲಿಸಿ, ಬಿಳಿಯ ತುಂಡುಗಳನ್ನೆಲ್ಲ ಆರಿಸಿ ಬಿಸಿಲಿಗೆ ಹಾಕತಕ್ಕದ್ದು. ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಲೇಬಾರದು. ಇನ್ನೊಂದು ಉಪಾಯ ನೆರಳು. ಗರಿಕೆಯು ಜೋಳ, ಕಬ್ಬುಗಳಂತೆ ತೀವ್ರವಾದ ಬಿಸಿಲನ್ನು ಚೆನ್ನಾಗಿ ಉಪಯೋಗಿಸಿಕೊಳ್ಳುವ ವರ್ಗದ ಸಸ್ಯ, ನೆರಳಿನಲ್ಲಿ ಸೊರಗುತ್ತದೆ. ದಟ್ಟವಾದ ಮರದ ಕೆಳಗೆ ಗರಿಕೆ ಕಾಣದಿರುವುದು ಈ ಕಾರಣದಿಂದ. ನೆರಳಿನಲ್ಲಿ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ಚಿಗುರುತ್ತದೆ, ಆದರೆ ಮರಳಿ ಸಂಪಾದಿಸಲಾರದು. ಕೆಲವು ಸಲ ಹೀಗಾದರೆ ಬರಿದಾಗುತ್ತದೆ.

ಈಗ ಮಾಲಿಯ ಮಾತಿಗೆ ಬರೋಣ. ಬಿಸಿಲಿನಲ್ಲಿ ಎಲೆಯು ತಯಾರಿಸಿದ ಆಹಾರವು ಕೆಳಗಿಳಿದು ಗುಪ್ತಕಾಂಡವನ್ನು ಸೇರುತ್ತದೆಯಷ್ಟೆ. ಗ್ಲೈಫೋಸೇಟ್ ಎಂಬ ಕಳೆನಾಶಕವು ಇದೇ ದಾರಿಯನ್ನು ಹಿಡಿಯುತ್ತದೆ. ಎಲೆಯ ಮೂಲಕ ಒಳಹೊಕ್ಕು, ಆಹಾರದ ಜೊತೆಗೂಡಿ ನೆಲದೊಳಗಿನ ಗೆಣ್ಣುಗಳನ್ನು ಮುಟ್ಟುತ್ತದೆ. ಎಲೆಯನ್ನು ಕೂಡಲೇ ಸುಟ್ಟುಬಿಟ್ಟರೆ ಆ ದಾರಿಯೇ ಕಡಿದುಹೋಗುತ್ತದೆ. ಅದು ನಿಧಾನವಾಗಿ ಕೊಲ್ಲುವುದರಿಂದಲೇ ಪರಿಣಾಮಕಾರಿ. ಅಷ್ಟು ದಿನ ಎಲೆ ಹಸಿರಾಗಿಯೇ ಇರುತ್ತದೆ. 2022ರ ಅಕ್ಟೋಬರ್ ತಿಂಗಳಿನಲ್ಲಿ ಕೇಂದ್ರ ಸರಕಾರವು ಗ್ಲೈಫೋಸೇಟನ್ನು ಕೀಟನಿಯಂತ್ರಣದ ಪರವಾನಗಿಯುಳ್ಳವರ ಮೂಲಕವಲ್ಲದೆ ಬಳಸಬಾರದೆಂದು ಅಧಿಸೂಚನೆ ಹೊರಡಿಸಿತು. ಇನ್ನೊಂದು ಔಷಧ ಟು-ಫೋರ್-ಡಿ. ಹುಲ್ಲುಹಾಸಿನೊಳಗಿನ ಅಗಲ ಎಲೆಯ ಕಳೆಗಳಿಗೆ ಅದನ್ನು ಹೊಡೆಯುತ್ತಾರೆ. ಅದರಿಂದ ಹುಲ್ಲು ಸಾಯುವುದೇ ಇಲ್ಲ, ಆದ್ದರಿಂದ ಹಳದಿಯಾಗುವುದನ್ನು ಕಾದು ನೋಡಿದರೂ ತಿಳಿಯದು. ನೋಟದಿಂದ ನಿರ್ಣಯಿಸಲು ಸಾಧ್ಯವಿಲ್ಲದ್ದರಿಂದ, ಸಮುಚ್ಚಯದ ಹುಲ್ಲುಹಾಸಿನಿಂದಲೂ ಕಾಲುದಾರಿಯ ಸಂದಿಗಳಿಂದಲೂ ಆಯುವ ಮುನ್ನ ಮಾಲಿಯನ್ನು ಕೇಳದೆ ಇರಬಾರದು. ಗರಿಕೆಯ ರಸವನ್ನು ಕುಡಿಯುವ ಅಭ್ಯಾಸವುಳ್ಳವರಿಗೂ, ನಿರ್ಮಾಲ್ಯವನ್ನು ಹಸುವಿಗೆ ಹಾಕುವವರಿಗೂ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಚರಂಡಿಯ ಬದಿಯ ಗರಿಕೆಯನ್ನು ಕುರಿತು ಹೇಳಲೇಬೇಕಾಗಿಲ್ಲ.

ಬೇರೆ ಹುಲ್ಲುಗಳೊಡನೆ ಬೆರೆಯುವ ತೊಂದರೆಯೂ ಇದೆ. ಮಳೆಗಾಲದಲ್ಲಿ ಎಲ್ಲೆಲ್ಲಿಯೂ ಹುಟ್ಟುವ ಕಾಡುರಾಗಿಯ ತೆನೆಯು ಗರಿಕೆಯ ಹೂವಿನಂತೆಯೇ ಬೆರಳು ಬಿಡಿಸಿದ ಆಕಾರದಲ್ಲಿರುತ್ತದೆ. ಅದರ ಬುಡ ಚಪ್ಪಟೆಯಾಗಿ ಬೆಳ್ಳಗಿರುತ್ತದೆ, ಗುಂಪಾಗಿ ಒಂದೆಡೆ ನಿಲ್ಲುತ್ತದೆ, ಹಂಬು ಬಿಡುವುದಿಲ್ಲ. ಗರಿಕೆಯ ಕಾಂಡ ತಂತಿಯಂತೆ ಸಣ್ಣದು, ಎಲೆ ಕಿರಿದು. ಎಲೆಯು ಕಾಂಡವನ್ನು ಸೇರುವಲ್ಲಿ ಭೂತಗನ್ನಡಿಯಿಂದ ನೋಡಿದರೆ ಸೂಕ್ಷ್ಮವಾದ ಕೂದಲಿನ ಸಾಲು ಕಾಣುತ್ತದೆ. ತೆಲುಗಿನಲ್ಲಿಯೂ ಇದಕ್ಕೆ ಗರಿಕ ಎಂದೇ ಹೆಸರಾದ್ದರಿಂದ ಇಲ್ಲಿ ಕೇಳಿ ಪಡೆಯುವುದಕ್ಕೆ ಭಾಷೆಯ ತೊಡಕಿಲ್ಲ; ತಮಿಳರು ಅರುಗಂಪುಲ್ಲೆಂದೂ ಹಿಂದಿಯವರು ದೂಬ್ ಎಂದೂ ಕರೆಯುತ್ತಾರೆ.

ಎಲ್ಲಕ್ಕಿಂತ ಉತ್ತಮವಾದದ್ದು ಮನೆಯಲ್ಲಿಯೇ ಬೆಳೆಸಿಕೊಳ್ಳುವುದು. ಮಾದಾಪುರದ ನೆಲ ಬಹುಪಾಲು ಬಂಡೆ, ಅದರ ಮೇಲೆ ತೆಳುವಾದ ಗರಸು. ಸೈಬರ್ ಟವರ್ಸ್ ಕಟ್ಟಡವು 1998ರಲ್ಲಿ ಉದ್ಘಾಟನೆಯಾದ ತರುವಾಯ ಇದ್ದ ಮಣ್ಣೂ ಕಟ್ಟಡಗಳ ಅಡಿಗೆ ಸೇರುತ್ತ ಬಂದಿತು. ಆದರೆ ಗರಿಕೆಗೆ ಹೆಚ್ಚು ಮಣ್ಣು ಬೇಕಾಗಿಲ್ಲ. ಒಂದು ಗೇಣು ಆಳದ, ಅಗಲವಾದ, ತಳದಲ್ಲಿ ರಂಧ್ರಗಳುಳ್ಳ ತೊಟ್ಟಿ ಸಾಕು. ಕೆಂಪುಮಣ್ಣು ಎರಡು ಪಾಲು, ಹಳೆಯ ಸಗಣಿಗೊಬ್ಬರ ಒಂದು ಪಾಲು, ಸ್ವಲ್ಪ ಮರಳು. ಶುದ್ಧವಾದ ಸ್ಥಳದಿಂದ ತಂದ ಹಂಬನ್ನು ಮೂರು ನಾಲ್ಕು ಗೆಣ್ಣುಗಳಿರುವಂತೆ ತುಂಡರಿಸಿ, ನಾಲ್ಕು ಬೆರಳಿಗೊಂದರಂತೆ, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಬೇಕು. ಬೀಜವನ್ನು ಹುಡುಕುವ ಶ್ರಮ ಬೇಡ; ಗರಿಕೆಯ ಬೀಜ ಧೂಳಿನಷ್ಟು ಸಣ್ಣದು, ಮೊಳೆಯುವುದೂ ನಿಧಾನ. ಕ್ರೀಡಾಂಗಣಗಳಿಗಾಗಿ ತಯಾರಿಸಿದ ಕೆಲವು ಸಂಕರ ತಳಿಗಳಲ್ಲಂತೂ ಬೀಜವೇ ಕಟ್ಟುವುದಿಲ್ಲ, ಅವುಗಳನ್ನೂ ತುಂಡುಗಳಿಂದಲೇ ನೆಡುತ್ತಾರೆ. ಬಾಲ್ಕನಿಯಲ್ಲಿ ಅರ್ಧ ದಿನವಾದರೂ ನೇರ ಬಿಸಿಲು ಬೀಳದಿದ್ದರೆ ತೊಟ್ಟಿಯನ್ನು ಮಹಡಿಯ ಮೇಲಿಡುವುದು ಲೇಸು.

ಆರು ವಾರಗಳಲ್ಲಿ ತೊಟ್ಟಿ ತುಂಬುತ್ತದೆ. ಆಯುವಾಗ ಜಗ್ಗಿ ಎಳೆಯದೆ ಎಳೆಯ ಕುಡಿಯನ್ನು ಉಗುರಿನಿಂದ ಚಿವುಟಬೇಕು. ಕೆಳಗೆ ಒಂದೆರಡು ಗೆಣ್ಣು ಉಳಿದರೆ ಎಂಟು ಹತ್ತು ದಿನಗಳಲ್ಲಿ ಮತ್ತೆ ಕುಡಿ ಸಿದ್ಧ. ಚೌತಿಗೆ ಬೇಕಾದವರು ಆಷಾಢ ಶುದ್ಧದೊಳಗೆ ಊರಿದರೆ ಸಕಾಲಕ್ಕೆ ದೊರೆಯುತ್ತದೆ, ಮುಂದೆ ನಾಲ್ಕು ದಿನಕ್ಕೆ ಬರುವ ದೂರ್ವಾಷ್ಟಮಿಗೂ ಆಗುತ್ತದೆ. ನಮ್ಮ ತೊಟ್ಟಿಯಿಂದ ಈಗಾಗಲೇ ಮೂರು ಮನೆಗಳಿಗೆ ಹಂಬು ಹೋಗಿದೆ. ಈ ವರ್ಷ ಜ್ಯೇಷ್ಠದ ಏಕಾದಶಿಯಂದು ಒಂದು ಬುಟ್ಟಿ ತುಂಡುಗಳನ್ನು ಒದ್ದೆಯ ಗೋಣಿಯಲ್ಲಿ ಸುತ್ತಿ ಮಠದ ಕಚೇರಿಯಲ್ಲಿ ಇಟ್ಟಿರುತ್ತೇನೆ. ಬೇಕಾದವರು ಒಂದು ಹಿಡಿಯಷ್ಟು ಒಯ್ದು ಅಂದೇ ನೆಡಬಹುದು. ಒಣಗಲು ಬಿಟ್ಟರೆ ಮಾತ್ರ ಪ್ರಯೋಜನವಿಲ್ಲ.